ಆ 90 ಸೆಕೆಂಡ್ ಎಲ್ಲಿ ಹೋಯಿತು?

ಮಳೆಗಾಲದ ಒಂದು ಬೆಳಿಗ್ಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಿಂದ ಫೋನ್ ಬಂತು. ರಾತ್ರಿ ಕರೆಂಟ್ ಹೋಗಿ ಸರ್ವರ್ ಆಫ್ ಆಗಿತ್ತು. ಈಗ ಆನ್ ಮಾಡಿದರೆ ಬಿಲ್ಲಿಂಗ್ ಬೇಗ ತೆರೆಯುತ್ತಿಲ್ಲ. ಗೇಟಿನಲ್ಲಿ ಮಾಲು ತುಂಬಿದ ಲಾರಿ ಕಾಯುತ್ತಿದೆ. "ಸರ, ಡೇಟಾಬೇಸ್ ಕೆಟ್ಟೈತ್ರಿ. ಬ್ಲೇಮ್‌ನಾಗ ಅದೇ ಮ್ಯಾಲ ಐತಿ. ರ‍್ಯಾಮ್ ಹಾಕೋಣೇನ್ರಿ?" ಎಂದ ಅಲ್ಲಿನ ಹುಡುಗ.

ತಿಂಗಳಿಗೊಮ್ಮೆಯಾದರೂ ನಾನು ಈ ಮಾತು ಕೇಳುತ್ತೇನೆ. ಲಿನಕ್ಸ್ ಸರ್ವರ್ ಏಳುವಾಗ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು, ಶುರು ಮಾಡುವುದು ಸಿಸ್ಟಮ್‌ಡಿ. ಅದು ತಡವಾದರೆ ಜನ 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಎಂಬ ಕಮಾಂಡ್ ಓಡಿಸುತ್ತಾರೆ, ಮೇಲಿದ್ದ ಸರ್ವಿಸ್ ಹಿಡಿದು ಬೈಯುತ್ತಾರೆ. ಕೆಲವರು ಅದನ್ನು ಬಂದ್ ಮಾಡಿಯೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸರ್ವಿಸ್ ಶುರುವಾದ ಮೇಲೆ ತಯಾರಾಗಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂತಷ್ಟೇ ಬ್ಲೇಮ್ ಹೇಳುತ್ತದೆ. ಆ ಹೊತ್ತಿನಲ್ಲೂ ಅದು ಬೇರೆ ಯಾವುದಕ್ಕೋ ಕಾಯುತ್ತಿರಬಹುದು. ಇನ್ನು ಬರದೇ ಇರುವ ಡಿಸ್ಕ್ ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

'ಕ್ರಿಟಿಕಲ್-ಚೈನ್' ನೋಡು ತಮ್ಮಾ ಎಂದೆ. ಯಾವುದು ಯಾವುದಕ್ಕೆ ಕಾದಿತು ಅಂತ ಸರಪಳಿಯಾಗಿ ತೋರಿಸುವ ಕಮಾಂಡ್ ಅದು. ಅದರಲ್ಲಿ @ ಮುಂದಿನ ಅಂಕಿ ಯಾವಾಗ ಎದ್ದಿತು ಅನ್ನೋದು, + ಮುಂದಿನದು ಏಳಲು ಎಷ್ಟು ಹಿಡಿಯಿತು ಅನ್ನೋದು. ಅವರ ಡೇಟಾಬೇಸ್ ಮರಿಯಾಡಿಬಿಗೆ + ಬರೀ 3 ಸೆಕೆಂಡ್ ಇತ್ತು. ಆದರೆ ಅದು ಶುರುವಾಗಿದ್ದೇ ಒಂದೂವರೆ ನಿಮಿಷ ಕಳೆದ ಮೇಲೆ. ಹಾಗಾದರೆ ತಡ ಮಾಡಿದ್ದು ಡೇಟಾಬೇಸ್ ಅಲ್ಲ, ಅದಕ್ಕಿಂತ ಮೊದಲಿನದು, ಅಲ್ವಾ? ಅದರಲ್ಲಿ ಕೆಳಗಿನ ಸಾಲು ಅಂದರೆ ಮೊದಲು ಎದ್ದದ್ದು. ಸಾಲುಗಳನ್ನು ಕೆಳಗೆ ಓದುತ್ತಾ ಹೋದೆವು. ಶುರುವಿನ ತಯಾರಿ ಮುಗಿಯಿತು ಅನ್ನುವ ಹಂತವಾದ ಸಿಸ್‌ಇನಿಟ್ ಟಾರ್ಗೆಟ್ ಮುಂದೆ 1 ನಿಮಿಷ 31 ಸೆಕೆಂಡ್, ಅದರ ಕೆಳಗಿನ ಸಾಲಿನಲ್ಲಿ 2 ಸೆಕೆಂಡ್ ಇತ್ತು. ಕಳೆದುಹೋದ ಹೊತ್ತು ಆ ಎರಡು ಸಾಲುಗಳ ನಡುವೆ ಇತ್ತು.

ಸಿಸ್ಟಮ್‌ಡಿ ಒಂದು ಡಿಸ್ಕಿಗಾಗಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ಲೆಕ್ಕ ಅಲ್ಲೇ ಸಿಕ್ಕಿತು. ಈ ಸಲ ಆನ್ ಆದ ಮೇಲಿನ ಲಾಗ್ ತೋರಿಸುವ 'ಜರ್ನಲ್‌ಸಿಟಿಎಲ್ -ಬಿ' ತೆಗೆದರೆ ಡಿಸ್ಕಿಗೆ ಕಾದು ಸಮಯ ಮುಗಿಯಿತು ಎಂಬ ಸಾಲು ಇದ್ದೇ ಇತ್ತು. ಹಿಂದೆ ಯಾರೋ ಸ್ವಾಪ್ ಪಾರ್ಟಿಶನ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಭಾಗ) ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದರು. ಅದರ ಗುರುತಿನ ಸಂಖ್ಯೆ, ಅಂದರೆ ಯುಯುಐಡಿ, ಬದಲಾಗಿತ್ತು. ಏಳುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೆಯದೇ ಉಳಿದಿತ್ತು, ಇಲ್ಲದ ಆ ಡಿಸ್ಕಿಗೇ ಸಿಸ್ಟಮ್‌ಡಿ ಕಾದಿತ್ತು. ಸರ್ವರ್ ತಿಂಗಳುಗಟ್ಟಲೆ ಆಫ್ ಆಗದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ.

ಎಲ್ಲ ಕಡೆ ಸ್ವಾಪೇ ಕಾರಣ ಅಂತ ಹೇಳಲಾರೆ. ನೆಟ್‌ವರ್ಕ್‌ಗೆ ಕಾಯುವ ಸರ್ವಿಸ್‌ಗಳನ್ನೂ ಜಾಸ್ತಿ ನೋಡಿದ್ದೇನೆ. ಇನ್ನು ಎಫ್‌ಎಸ್‌ಟ್ಯಾಬ್ ಮುಟ್ಟುವ ಮುನ್ನ ಒಂದು ನಕಲು ಇಟ್ಟುಕೊಳ್ಳಿ. ತಿದ್ದಿದ ಮೇಲೆ ಅದರಲ್ಲಿ ತಪ್ಪಿದೆಯೇ ನೋಡುವ 'ಫೈಂಡ್‌ಎಮ್‌ಎನ್‌ಟಿ --ವೆರಿಫೈ' ಓಡಿಸಿ, ಆಮೇಲೆ ರೀಬೂಟ್ ಮಾಡಿ. ಅಲ್ಲಿ ರೂಟ್ ಡಿಸ್ಕಿನ (ಸಿಸ್ಟಮ್ ಇರುವ ಮುಖ್ಯ ಡಿಸ್ಕಿನ) ಸಾಲು ತಪ್ಪಿದರೆ ಸರ್ವರ್ ಸರಿಯಾಗಿ ಏಳದೇ ಹೋಗಬಹುದು.

ಹುಡುಗ ಡಿಸ್ಕುಗಳ ಯುಯುಐಡಿ ತೋರಿಸುವ 'ಬಿಎಲ್‌ಕೆಐಡಿ' ನೋಡಿ ಹೊಸ ಯುಯುಐಡಿ ಒಂದೊಂದೇ ಅಕ್ಷರ ಓದಿ ಹೇಳಿದ, ಎಫ್‌ಎಸ್‌ಟ್ಯಾಬ್‌ನಲ್ಲಿ ಅವನು ತಿದ್ದಿ ಬರೆದದ್ದರ ಜೊತೆ ನಾನು ಫೋನಿನಲ್ಲಿ ತಾಳೆ ನೋಡಿದೆ. ಮಧ್ಯಾಹ್ನ ಅವನೇ ಮತ್ತೆ ಫೋನ್ ಮಾಡಿದ: "ಸರ, ಡೇಟಾಬೇಸ್ ಈಗೂ ಮೂರ ಸೆಕೆಂಡೇ ತಗೋತೈತ್ರಿ. ಆದ್ರ ಲಾರಿ ಹೋತ್ರಿ."