ಚುಚ್ಚುಮದ್ದಿನ ಭುಜನೋವು: ರಾಜಿಗೆ ಸಹಿ ಹಾಕುವ ಮುನ್ನ

ಲಸಿಕೆ ಹಾಕಿಸಿಕೊಂಡ ರಟ್ಟೆ ಒಂದೆರಡು ದಿನ ನೋಯುವುದು ಸಹಜ. ತಿಂಗಳು ಕಳೆದರೂ ಕೈ ತಲೆ ಮೇಲಕ್ಕೆ ಏಳುತ್ತಿಲ್ಲ ಎಂದರೆ ಭುಜಕ್ಕೇ ಪೆಟ್ಟಾಗಿರಬಹುದು. ಸೂಜಿ ಭುಜದ ಮೂಳೆಯ ತುದಿಯಿಂದ ಎರಡು-ಮೂರು ಬೆರಳು ಕೆಳಗೆ, ದಪ್ಪ ಸ್ನಾಯುವಿಗೆ ಇಳಿಯಬೇಕು. ತೋಳು ಪೂರ್ತಿ ಬಿಡಿಸದೆ ಅಂಗಿಯ ಕಾಲರ್ ಜಗ್ಗಿ ಚುಚ್ಚಿದಾಗ ಅದು ಮೇಲೆ ಬಿದ್ದು, ಕೀಲಿನ ಪಕ್ಕದ ದ್ರವಚೀಲಕ್ಕೆ ಮದ್ದು ಸೇರಿ ಉರಿಯೂತ ಶುರುವಾಗುತ್ತದೆ. ಹಾಗಾಗಿ ದೂರು ಹೋಗಬೇಕಾದದ್ದು ಲಸಿಕೆ ಕಂಪನಿಯ ಮೇಲಲ್ಲ, ಚುಚ್ಚಿದ ಕ್ಲಿನಿಕ್ ಮೇಲೆ.

ಅಮೆರಿಕದಲ್ಲಿ ಲಸಿಕೆಯಿಂದಾದ ಯಾವ ಗಾಯಗಳಿಗೆ ಸರ್ಕಾರದ ಪರಿಹಾರ ಸಿಗುತ್ತದೆ ಎಂಬ ಪಟ್ಟಿಯಿದೆ; 2017ರಿಂದ ಈ ಗಾಯವೂ ಅದರಲ್ಲಿದೆ. 48 ಗಂಟೆಯೊಳಗೆ ನೋವು ಶುರುವಾಗಿರಬೇಕು ಎಂಬುದು ಅಲ್ಲಿನ ಮುಖ್ಯ ಷರತ್ತು. ನಮ್ಮಲ್ಲಿ ದೂರು ಹೋಗುವುದು ಗ್ರಾಹಕ ಆಯೋಗಕ್ಕೆ; ಅಲ್ಲಿ ಕ್ಲಿನಿಕ್‌ನ ನಿರ್ಲಕ್ಷ್ಯವನ್ನು ನಾವೇ ಸಾಬೀತು ಮಾಡಬೇಕು. ಇಲ್ಲೂ ಕೇಸು ನಿಲ್ಲುವುದು ನೋವು ಶುರುವಾದ ದಿನದ ಮೇಲೆಯೇ.

ನಮ್ಮ ಜನ ಎಡವುವುದೂ ಅಲ್ಲೇ. ಮೆಡಿಕಲ್ ಶಾಪಿನ ಮಾತ್ರೆ, ಎಣ್ಣೆ ತಿಕ್ಕುವುದು ಎಂದು ಎರಡು ತಿಂಗಳು ತಳ್ಳಿ ಆಮೇಲೆ ಡಾಕ್ಟರ ಹತ್ತಿರ ಹೋಗುತ್ತಾರೆ. ಚೀಟಿಯಲ್ಲಿ ಬರೀ 'ಭುಜನೋವು' ಎಂದಿರುತ್ತದೆ. ಎದುರು ವಕೀಲರು ಶುಗರ್ ರಿಪೋರ್ಟ್ ಹಿಡಿದು, 'ಇದು ಸಕ್ಕರೆ ಕಾಯಿಲೆಯವರಿಗೆ ಬರುವ ಫ್ರೋಜನ್ ಶೋಲ್ಡರ್ (ಭುಜ ಬಿಗಿದುಕೊಳ್ಳುವ ತೊಂದರೆ)' ಎನ್ನುತ್ತಾರೆ. ಮೊದಲ ಭೇಟಿಯಲ್ಲೇ ಯಾವ ಲಸಿಕೆ, ಯಾವ ಕೈ, ಯಾವ ದಿನ, ಎಷ್ಟು ಗಂಟೆಗೆ ನೋವು ಎಂದು ಬರೆಸಿಕೊಳ್ಳಿ. ಎಂಆರ್‌ಐ ಬೇಗ ಮಾಡಿಸಿ. ಕ್ಲಿನಿಕ್ ಬಿಲ್ ಕೊಡದಿದ್ದರೆ ಫೋನ್‌ಪೇ ದಾಖಲೆ ತೆಗೆದಿಡಿ. ಹಣವೂ ತಾರೀಖೂ ಎರಡೂ ಅದರಲ್ಲಿವೆ.

ಹಣ ಕೊಟ್ಟು ಹಾಕಿಸಿಕೊಂಡಿದ್ದರೆ ದಾವಣಗೆರೆಯವರು ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಚುಚ್ಚಿದ್ದು ಬೆಂಗಳೂರಿನಲ್ಲಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಲಸಿಕೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಗಡುವು 2 ವರ್ಷ; ರಾಜಿ ಮಾತುಕತೆ ನಡೆಯುತ್ತಿದೆ ಎಂದು ಗಡುವು ನಿಲ್ಲುವುದಿಲ್ಲ. ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಈ ದಾರಿ ಇಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು.

ಕ್ಲಿನಿಕ್‌ನವರು ಮೊದಲ ತಿಂಗಳಲ್ಲೇ 'ಆಸ್ಪತ್ರೆ ಖರ್ಚು ಕೊಡ್ತೀವಿ, ಬಾಂಡ್ ಪೇಪರ್ ಮೇಲೆ ಸಹಿ ಹಾಕಿ' ಎಂದರೆ ಅವಸರ ಬೇಡ. ಕೈ ಎಷ್ಟು ಸುಧಾರಿಸುತ್ತದೆ ಎಂದು ತಿಳಿಯಲು ಆರು ತಿಂಗಳಾದರೂ ಬೇಕು. 'ಇನ್ನು ಯಾವ ಹಕ್ಕೂ ಬಾಕಿ ಇಲ್ಲ' ಎಂಬ ಸಾಲಿಗೆ ಸಹಿ ಬಿದ್ದ ಮೇಲೆ ಆಪರೇಷನ್ ಬೇಕಾದರೆ ಖರ್ಚು ನಿಮ್ಮದೇ. ಈವರೆಗಿನ ಬಿಲ್ಲು, ಮುಂದಿನ ಫಿಸಿಯೋಥೆರಪಿ, ಕಳೆದ ಕೂಲಿ, ಅನುಭವಿಸಿದ ನೋವು ಎಲ್ಲವನ್ನೂ ಬೇರೆ ಬೇರೆ ಲೆಕ್ಕ ಹಾಕಿ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ ಸಂಬಳ ಚೀಟಿ ಇರುವುದಿಲ್ಲ. ಮಾಲೀಕರಿಂದ ಕೂಲಿ ಪುಸ್ತಕದ ನಕಲು, ಪತ್ರ ತರಬೇಕು.

ಒಪ್ಪಿದ ರಾಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ದಾಖಲಿಸಿ. ಕೇಸು ಹಾಕುವ ಮುಂಚೆಯೂ ಅಲ್ಲಿಗೆ ಹೋಗಬಹುದು. ಆ ಆದೇಶಕ್ಕೆ ಸಿವಿಲ್ ಕೋರ್ಟಿನ ತೀರ್ಪಿನ (ಡಿಕ್ರಿಯ) ಬಲವಿದೆ, ಮೇಲ್ಮನವಿ ಇಲ್ಲ. ಕಂತು ಇದ್ದರೆ ಪ್ರತಿ ಕಂತಿನ ತಾರೀಖು, ತಪ್ಪಿದರೆ ಬಡ್ಡಿ, ಉಳಿದ ಮೊತ್ತ ಒಮ್ಮೆಗೇ ಕೊಡಬೇಕೆಂಬ ಷರತ್ತು, ಮೂರನ್ನೂ ಅದರಲ್ಲೇ ಬರೆಸಿ.