ಬ್ಲೂಸ್ ನುಡಿಸುವವರು ಯಾರ ಹತ್ತಿರ ಕಲಿತರು? ಸೈತಾನನ ಹತ್ತಿರ ಅಂತೂ ಅಲ್ಲ

ಪ್ರಶ್ನೆ: "ಸರ್, ಬ್ಲೂಸ್ ನುಡಿಸುವ ಹಳಬರು ಯಾರೂ ಎಲ್ಲೂ ಕಲಿತವರಲ್ಲವಂತೆ. ಹುಟ್ಟಿನಿಂದಲೇ ಬಂದಿತ್ತಂತೆ, ಇಲ್ಲವೇ ಸೈತಾನ ಕೊಟ್ಟನಂತೆ. ಹಾಗಾದರೆ ನಾವು ಕ್ಲಾಸಿಗೆ ದುಡ್ಡು ಕೊಡೋದು ಯಾಕೆ?"

ಬ್ಲೂಸ್ ಅಂದರೆ ಅಮೆರಿಕದ ಕರಿಯರು ಕಟ್ಟಿದ ಹಾಡಿನ ಸಂಗೀತ, ನನ್ನ ಗಿಟಾರ್ ಕ್ಲಾಸಲ್ಲಿ ಹೇಳಿಕೊಡುವುದು. ಈ ಪ್ರಶ್ನೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಉತ್ತರ ಟೈಪ್ ಮಾಡಿ ಬೆರಳು ನೋಯುತ್ತಿದೆ, ಆ ಬೆರಳು ನನಗೆ ತಂತಿ ಮೀಟೋಕೆ ಬೇಕು. ಅದಕ್ಕೇ ಒಂದೇ ಸಲ ಪೂರ್ತಿ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಚಿಕ್ಕ ಉತ್ತರ ಬೇಕಾ? ಕಲಿತಿದ್ದಾರೆ. ಚೆನ್ನಾಗಿಯೇ ಕಲಿತಿದ್ದಾರೆ. ಸರ್ಟಿಫಿಕೇಟ್ ಇಲ್ಲ, ಅಷ್ಟೇ. ಮನೆಯಲ್ಲಿ ಅಣ್ಣನಿಂದಲೋ ಮಾವನಿಂದಲೋ, ಪಕ್ಕದೂರಿನವರಿಂದ, ಚರ್ಚಿನ ಹಾಡಿನಿಂದ, ಗ್ರಾಮಫೋನ್ ತಟ್ಟೆಯನ್ನು ಸವೆಯುವ ತನಕ ಕೇಳಿ ಕಲಿತರು.

ಈಗ ಆ ಸೈತಾನನ ವಿಚಾರ. ಇದನ್ನು ಮುಗಿಸದೆ ನನಗೆ ನಿದ್ದೆ ಬರುವುದಿಲ್ಲ.

ಕಥೆ ನಿಮಗೆಲ್ಲ ಗೊತ್ತಿರುವುದೇ. ಅಮೆರಿಕದ ಮಿಸಿಸಿಪಿಯಲ್ಲಿ ರಾಬರ್ಟ್ ಜಾನ್ಸನ್ ಅಂತ ಒಬ್ಬ ಹುಡುಗ. ಗಿಟಾರ್ ನೆಟ್ಟಗೆ ಬರುತ್ತಿರಲಿಲ್ಲ. ಒಂದು ಮಧ್ಯರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಹೋಗಿ ನಿಂತ. ದೊಡ್ಡ ಆಳೊಬ್ಬ ಬಂದು ಗಿಟಾರ್ ಇಸಿದುಕೊಂಡು ಶ್ರುತಿ ಮಾಡಿ ವಾಪಸ್ ಕೊಟ್ಟ, ಬದಲಿಗೆ ಹುಡುಗನ ಆತ್ಮ ಬರೆಸಿಕೊಂಡ. ಅವತ್ತಿನಿಂದ ಇವನ ಸಮ ಯಾರೂ ಇಲ್ಲ. 27ನೇ ವಯಸ್ಸಿಗೆ ಸತ್ತ, ಸಾಲ ವಸೂಲಾಯಿತು.

ಕಥೆಯೇನೋ ಚೆನ್ನಾಗಿದೆ. ನಮಗೂ ಇಂಥವು ಹೊಸದಲ್ಲ, ಕಾಳಿದಾಸನ ನಾಲಿಗೆ ಮೇಲೆ ಕಾಳಿ ಬರೆದಳು ಅಂತ ಕೇಳಿಕೊಂಡೇ ಬೆಳೆದವರು ನಾವು. ಆದರೆ ಕಾಳಿದಾಸನಿಗೆ ವ್ಯಾಕರಣ ಹೇಳಿಕೊಟ್ಟ ಮೇಷ್ಟ್ರ ಹೆಸರು ನಮಗೆ ಸಿಕ್ಕಿಲ್ಲ. ರಾಬರ್ಟ್ ಜಾನ್ಸನ್‌ಗೆ ಗಿಟಾರ್ ಹೇಳಿಕೊಟ್ಟ ಮೇಷ್ಟ್ರ ಹೆಸರು ಸಿಕ್ಕಿದೆ. ಐಕ್ ಜಿಮ್ಮರ್‌ಮನ್.

ರಾಬರ್ಟ್ ಹುಟ್ಟಿದ್ದು 1911ರಲ್ಲಿ, ಹೇಜಲ್‌ಹರ್ಸ್ಟ್ ಅನ್ನೋ ಊರಿನಲ್ಲಿ. ಬೆಳೆದಿದ್ದು ಉತ್ತರದ ಕಡೆ, ಸ್ವಲ್ಪ ಕಾಲ ಮೆಂಫಿಸ್‌ನಲ್ಲಿ ಶಾಲೆಗೂ ಹೋಗಿದ್ದ. 1930ರ ಹೊತ್ತಿಗೆ ರಾಬಿನ್ಸನ್‌ವಿಲ್‌ನಲ್ಲಿ ಸನ್ ಹೌಸ್, ವಿಲ್ಲಿ ಬ್ರೌನ್ ಅನ್ನೋ ದೊಡ್ಡವರ ಹಿಂದೆ ಸುತ್ತುತ್ತಿದ್ದ. ಅವರು ಗಿಟಾರ್ ಕೆಳಗಿಟ್ಟು ಹೊರಗೆ ಹೋದರೆ ಇವನು ಎತ್ತಿಕೊಂಡು ಕುಯ್ಯೋನು. ಜನ ಬೈಯೋರು. ಇದನ್ನು ಸನ್ ಹೌಸ್ ಅವರೇ ಆಮೇಲೆ ಹೇಳಿದ್ದಾರೆ. ಅಲ್ಲಿಂದ ರಾಬರ್ಟ್ ತನ್ನ ಹೆತ್ತ ತಂದೆಯನ್ನು ಹುಡುಕಿಕೊಂಡು ಹೇಜಲ್‌ಹರ್ಸ್ಟ್ ಕಡೆ ಹೋದ. ಹತ್ತಿರದ ಬೋರಿಗಾರ್ಡ್‌ನಲ್ಲಿ ಈ ಐಕ್ ಸಿಕ್ಕರು. ಹುಡುಗ ಅವರ ಮನೆಯಲ್ಲೇ ಉಳಿದ, ಮನೆಮಗನ ಹಾಗೆ ಇದ್ದ ಅಂತ ಐಕ್ ಅವರ ಮಗಳು ನೆನಪು ಮಾಡಿಕೊಂಡಿದ್ದಾರೆ. ಹಗಲು ಐಕ್ ಅವರಿಗೆ ಕೆಲಸ. ಏನು ಕೆಲಸ ಗೊತ್ತಾ? ರಸ್ತೆ ಮಾಡುವುದು! ರಾತ್ರಿ ಇಬ್ಬರೂ ಗಿಟಾರ್ ಹಿಡಿದುಕೊಂಡು ಎದುರಿಗಿದ್ದ ಸ್ಮಶಾನಕ್ಕೆ ಹೋಗಿ, ಸಮಾಧಿ ಕಲ್ಲುಗಳ ಮೇಲೆ ಕೂತು ನುಡಿಸುತ್ತಿದ್ದರು.

ಸ್ಮಶಾನ ಅಂದ ಕೂಡಲೇ ಮೈ ಜುಂ ಅನ್ನಿಸಿಕೊಳ್ಳಬೇಡಿ. ಅಲ್ಲಿ ಯಾರಿಗೂ ತೊಂದರೆ ಇಲ್ಲ, ಯಾರೂ ಬಂದು ಬಾಗಿಲು ಬಡಿಯೋದಿಲ್ಲ. ಅಷ್ಟೇ ಕಾರಣ. ರಾತ್ರಿ ಹತ್ತು ಗಂಟೆ ಮೇಲೆ ಒಂದು ಸ್ಕೇಲ್ ನುಡಿಸಿದರೂ ಕೆಳಗಿನ ಮನೆಯವರು ಚಾವಣಿಗೆ ಪೊರಕೆ ಕಡ್ಡಿಯಿಂದ ತಟ್ಟುವ ಮನೆಯಲ್ಲಿ ಹದಿನೈದು ವರ್ಷ ಬಾಡಿಗೆಗೆ ಇರುವ ನನಗೆ ಇದು ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ ಅಂದರೆ, ಹತ್ತಿರದಲ್ಲೊಂದು ಸ್ಮಶಾನ ಇದ್ದಿದ್ದರೆ ನಾನೂ ಹೋಗುತ್ತಿದ್ದೆ.

ರಾಬರ್ಟ್ ವಾಪಸ್ ಬಂದು ನುಡಿಸಿದಾಗ ಸನ್ ಹೌಸ್ ಬಾಯಿ ಬಿಟ್ಟುಕೊಂಡು ಕೂತರು. ನಡುವೆ ಕಳೆದದ್ದು ಒಂದು ರಾತ್ರಿ ಅಲ್ಲ, ತಿಂಗಳುಗಟ್ಟಲೆ ಕಾಲ. ಮೇಷ್ಟ್ರ ಮನೆಯಲ್ಲೇ ಇದ್ದು, ದಿನಾ ರಾತ್ರಿ ಸಾಧನೆ ಮಾಡಿ. ಯಾರು ಬೇಕಾದರೂ ಅಷ್ಟು ಮಾಡಿ ನೋಡಿ, ಆಮೇಲೆ ಮಾತಾಡೋಣ.

ಜೊತೆಗೆ ತಟ್ಟೆಗಳು. ಅವನು ರೆಕಾರ್ಡ್ ಮಾಡಿದ್ದು ಒಟ್ಟು 29 ಹಾಡು, 1936ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ. ಕಿವಿಗೊಟ್ಟು ಕೇಳಿದರೆ ಒಂದು ಕಡೆ ಲಿರಾಯ್ ಕಾರ್, ಇನ್ನೊಂದು ಕಡೆ ಕೊಕೊಮೊ ಆರ್ನಾಲ್ಡ್, ಮತ್ತೊಂದು ಕಡೆ ಸ್ಕಿಪ್ ಜೇಮ್ಸ್, ಲಾನಿ ಜಾನ್ಸನ್ ಕೇಳಿಸುತ್ತಾರೆ. ಎಲ್ಲರೂ ಅವನಿಗಿಂತ ಮೊದಲು ತಟ್ಟೆ ತಂದವರು. ಸೈತಾನನೇ ಕೊಟ್ಟಿದ್ದಾದರೆ, ಅವನೂ ಮೊದಲು ಆ ತಟ್ಟೆಗಳನ್ನು ಕೇಳಿ ಕಲಿತೇ ಕೊಟ್ಟಿರಬೇಕು!

"ಆದರೆ ಸರ್, ಅವನೇ ಹಾಡಿದ್ದಾನಲ್ಲ, ಕ್ರಾಸ್ ರೋಡ್ ಬ್ಲೂಸ್ ಅಂತ?" ಹಾಡಿದ್ದಾನೆ. ನೀವು ಕೇಳಿದ್ದೀರಾ? ಅದರಲ್ಲಿ ಸೈತಾನನ ಸುದ್ದಿಯೇ ಇಲ್ಲ. ಮನುಷ್ಯ ಕೂಡುದಾರಿಯಲ್ಲಿ ಮಂಡಿಯೂರಿ ದೇವರನ್ನು ಬೇಡುತ್ತಾನೆ, ಹೋಗುವ ಗಾಡಿಗಳಿಗೆ ಕೈ ಅಡ್ಡ ಹಾಕುತ್ತಾನೆ, ಯಾರೂ ನಿಲ್ಲಿಸುವುದಿಲ್ಲ, ಕತ್ತಲಾಗುತ್ತಿದೆ. 1930ರ ದಶಕದ ಮಿಸಿಸಿಪಿಯಲ್ಲಿ ಕತ್ತಲಾದ ಮೇಲೆ ಒಬ್ಬ ಕರಿಯ ಗಂಡಸು ಗುರುತಿಲ್ಲದ ರಸ್ತೆಯಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡರೆ ಏನಾಗಬಹುದಿತ್ತು ಅನ್ನೋದಕ್ಕೆ ಸೈತಾನ ಬೇಕಿರಲಿಲ್ಲ, ಮನುಷ್ಯರೇ ಸಾಕಿತ್ತು. ಅವನ ಬೇರೆ ಒಂದೆರಡು ಹಾಡಿನಲ್ಲಿ ಸೈತಾನ ಬರುತ್ತಾನೆ, ಇಲ್ಲ ಅನ್ನಲ್ಲ. ಬ್ಲೂಸ್ ಅಂದರೆ ಸೈತಾನನ ಸಂಗೀತ ಅಂತ ಚರ್ಚಿನವರು ಬೈಯುತ್ತಿದ್ದ ಕಾಲ ಅದು, ಹಾಡುವವರೂ ಆ ಹೆಸರಿನ ಜೊತೆ ಆಟ ಆಡುತ್ತಿದ್ದರು.

ಇನ್ನೂ ತಮಾಷೆ ಅಂದರೆ ಈ ಕೂಡುದಾರಿ ಕಥೆ ಮೊದಲು ಇದ್ದದ್ದು ಇನ್ನೊಬ್ಬ ಜಾನ್ಸನ್ ಮೇಲೆ. ಟಾಮಿ ಜಾನ್ಸನ್ ಅಂತ, ಅದೇ ಕಡೆಯ ಕ್ರಿಸ್ಟಲ್ ಸ್ಪ್ರಿಂಗ್ಸ್‌ನವರು. ಅವರ ಅಣ್ಣ ಲೆಡೆಲ್ ಅದನ್ನು ಸಂಶೋಧಕರೊಬ್ಬರಿಗೆ ಹೇಳಿದ್ದು. ಟಾಮಿಗೂ ರಾಬರ್ಟ್‌ಗೂ ಸಂಬಂಧವಿಲ್ಲ. ಮಂಡ್ಯದ ಒಬ್ಬ ಗೌಡರ ಕಥೆ ತಂದು ಇನ್ನೊಬ್ಬ ಗೌಡರಿಗೆ ಅಂಟಿಸಿದ ಹಾಗೆ. ಈಗ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ 61 ಮತ್ತು 49ನೇ ಹೆದ್ದಾರಿ ಸೇರುವಲ್ಲಿ ದೊಡ್ಡ ಗಿಟಾರ್‌ಗಳ ಕಂಬ ನಿಲ್ಲಿಸಿದ್ದಾರೆ, ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಐಕ್ ಅವರದು ಒಂದು ರೆಕಾರ್ಡ್ ಕೂಡ ಇಲ್ಲ. ಕೊನೆಗೆ ಕ್ಯಾಲಿಫೋರ್ನಿಯಾಗೆ ಹೋಗಿ ಪಾದ್ರಿಯಾದರಂತೆ, ಪಾಪ! ಅವರ ಕ್ರೆಡಿಟ್ ಪೂರ್ತಿ ಸೈತಾನನಿಗೆ ಹೋಯಿತು. ಇದನ್ನು ಮೇಷ್ಟ್ರ ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ.

ಹಾಗಂತ ತಾವೇ ಕಲಿತವರು ಇಲ್ಲವೇ ಇಲ್ಲ ಅಂತಲ್ಲ. ನಾರ್ತ್ ಕ್ಯಾರೊಲಿನಾದ ಎಲಿಜಬೆತ್ ಕಾಟನ್ ಎಡಚರು. ಅಣ್ಣನ ಬ್ಯಾಂಜೋ (ಗಿಟಾರ್‌ನಂಥ ತಂತಿವಾದ್ಯ) ಕದ್ದು ನುಡಿಸುತ್ತಿದ್ದರು, ಆಮೇಲೆ ಹುಡುಗಿಯಾಗಿದ್ದಾಗಲೇ ಮನೆಗೆಲಸ ಮಾಡಿ ಕೂಡಿಸಿದ ದುಡ್ಡಲ್ಲಿ 3.75 ಡಾಲರ್‌ಗೆ ಗಿಟಾರ್ ಕೊಂಡರು. ತಂತಿ ಬದಲಿಸದೆ ಹಾಗೇ ತಲೆಕೆಳಗು ಹಿಡಿದು, ಹೆಬ್ಬೆರಳಲ್ಲಿ ರಾಗ, ಬೆರಳುಗಳಲ್ಲಿ ದಪ್ಪ ತಂತಿ. ಆ ಶೈಲಿಗೆ ಅವರ ಹೆಸರೇ ನಿಂತಿದೆ. ಆದರೆ ಮನೆಯಲ್ಲಿ ಬ್ಯಾಂಜೋ ಇತ್ತು, ಅಣ್ಣ ಇದ್ದ, ಅದನ್ನು ಮರೀಬೇಡಿ.

ಈಗಿನವರಲ್ಲಿ ಮಿಸಿಸಿಪಿಯ ಬೆಂಟೋನಿಯಾ ಊರಿನ ಜಿಮ್ಮಿ "ಡಕ್" ಹೋಮ್ಸ್ ಅವರನ್ನು ನೋಡಿ. ಅಪ್ಪ ಅಮ್ಮ 1948ರಲ್ಲಿ ತೆರೆದ ಬ್ಲೂ ಫ್ರಂಟ್ ಕೆಫೆಯನ್ನು ಇವರೇ ನಡೆಸಿಕೊಂಡು ಬಂದಿದ್ದಾರೆ. ಕಲಿತದ್ದು ಊರಿನ ಹಿರಿಯರಾದ ಹೆನ್ರಿ ಸ್ಟಕಿ, ಜ್ಯಾಕ್ ಓವೆನ್ಸ್ ಅವರ ಕೈ ನೋಡಿಕೊಂಡು. ಆ ಊರಿಗೇ ಒಂದು ಬೇರೆ ಶ್ರುತಿ ಇದೆ, ತಂತಿ ಒತ್ತದೆ ಸುಮ್ಮನೆ ಮೀಟಿದರೂ ಮೈನರ್ ಅನ್ನೋ ದುಃಖದ ಛಾಯೆಯ ಸ್ವರಮೇಳ ಬರುವಂಥದ್ದು. ಅದನ್ನು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿದ್ದಾಗ ಕೆರಿಬಿಯನ್ ಕಡೆಯ ಸಿಪಾಯಿಗಳಿಂದ ಕಲಿತೆ ಅಂತ ಸ್ಟಕಿ ಹೇಳಿಕೊಂಡಿದ್ದರು. ಇನ್ನು ಗಾಯಕಿ ರಿಯಾನನ್ ಗಿಡೆನ್ಸ್ ಓಬರ್ಲಿನ್ ಕಾಲೇಜಿನಲ್ಲಿ ಒಪೆರಾ (ಪಾಶ್ಚಾತ್ಯ ಶಾಸ್ತ್ರೀಯ ಗಾಯನ) ಓದಿದವರು. ಅಷ್ಟು ಓದಿಯೂ 2005ರಿಂದ ಗೆಳೆಯರ ಜೊತೆ ವಾರ ವಾರ ಜೋ ಥಾಂಪ್ಸನ್ ಅನ್ನೋ ಎಂಬತ್ತು ದಾಟಿದ ಪಿಟೀಲು ಅಜ್ಜನ ಮನೆಗೆ ಹೋಗಿ ಕೂತು ಕಲಿತರು. ಗುರುವಾರ ಗುರುವಾರ. ನನ್ನ ಕ್ಲಾಸ್ ಕೂಡ ಗುರುವಾರವೇ, ಸುಮ್ನೆ ನೆನಪಿಸಿದೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದು ಹೇಳಿಬಿಡುತ್ತೇನೆ. ಇವರೆಲ್ಲ ಬರೀ ಬ್ಲೂಸ್ ನುಡಿಸುತ್ತಿದ್ದರಾ? ಇಲ್ಲ! ರಾಬರ್ಟ್ ಜಾನ್ಸನ್ ಬೀದಿಯಲ್ಲಿ ನಿಂತರೆ ಪೋಲ್ಕಾ, ಆ ಕಾಲದ ಸಿನಿಮಾ ಹಾಡು, ಜನ ಕೇಳಿದ್ದು ಏನೇ ಆದರೂ ನುಡಿಸುತ್ತಿದ್ದ ಅಂತ ಜೊತೆಗೆ ತಿರುಗಿದ ಜಾನಿ ಶೈನ್ಸ್ ಹೇಳಿದ್ದಾರೆ. ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂನ್ಜಿ ಶುರು ಮಾಡಿದ್ದು ಪಿಟೀಲಿನಿಂದ. ಲಾನಿ ಜಾನ್ಸನ್ ಕೂಡ ಮನೆಯವರ ಬ್ಯಾಂಡಿನಲ್ಲಿ ಪಿಟೀಲು ನುಡಿಸಿ ಬೆಳೆದವರು. 1940ರ ದಶಕದ ಆರಂಭದಲ್ಲಿ ಸಂಶೋಧಕರು ಹತ್ತಿ ತೋಟಕ್ಕೆ ಹೋಗಿ, ಆಮೇಲೆ ದೊಡ್ಡ ಬ್ಲೂಸ್ ಗಾಯಕರಾದ, ಆಗಿನ್ನೂ ಹೆಸರಾಗದ ಮಡ್ಡಿ ವಾಟರ್ಸ್ ಅವರನ್ನು ಏನೇನು ಹಾಡು ಬರುತ್ತೆ ಅಂತ ಕೇಳಿ ಬರೆದುಕೊಂಡರೆ, ಆ ಪಟ್ಟಿಯಲ್ಲಿ ಬಿಳಿಯ ಕೌಬಾಯ್ ಗಾಯಕ ಜೀನ್ ಆಟ್ರಿಯ ಹಾಡುಗಳೂ ಇದ್ದವು. ತಟ್ಟೆ ಕಂಪನಿಯವರು ಕರಿಯರಿಗೊಂದು ಪಟ್ಟಿ, ಬಿಳಿಯರಿಗೊಂದು ಪಟ್ಟಿ ಮಾಡಿ ಮಾರುತ್ತಿದ್ದರು. ಕರಿಯರಿಂದ ಅವರಿಗೆ ಬೇಕಾದದ್ದು ಬ್ಲೂಸ್, ತಟ್ಟೆಗೆ ಬಿದ್ದದ್ದೂ ಹೆಚ್ಚಾಗಿ ಅದೇ. ಉಳಿದದ್ದು ಅವತ್ತು ಸಂಜೆ ಕೇಳಿದವರ ಜೊತೆಗೇ ಹೋಯಿತು.

ಇದನ್ನು ಕ್ಲಾಸಲ್ಲಿ ಹೇಳಿದಾಗ ಒಬ್ಬ ಹುಡುಗ ತಕ್ಷಣ ಕೈಯೆತ್ತಿದ. "ಹಾಗಾದರೆ ಸರ್, ಬ್ಲೂಸ್ ಬಿಟ್ಟು ಅಪ್ಪು ಹಾಡು ನುಡಿಸಬಹುದಾ?" ನುಡಿಸು ಮಾರಾಯ, ಯಾರು ಬೇಡ ಅಂದರು. ಆದರೆ ಗಿಟಾರ್‌ನ ಆ ಎಫ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಇನ್ನೂ ಟಪ್ ಟಪ್ ಅಂತಲೇ ಇದೆ ನಿಂದು.