‘ಗೆಲ್ಲುವ ಕುದುರೆ’ ಲೆಕ್ಕದ ಹಿಂದೆ ಏನಿದೆ?

ಟಿಕೆಟ್ ಹಂಚಿಕೆ ಹತ್ತಿರ ಬಂದಾಗಲೆಲ್ಲ ದಾವಣಗೆರೆ, ಚಿತ್ರದುರ್ಗದಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ಗೆಲ್ಲುವ ಕುದುರೆ ಯಾವುದು?

ಬರೀ ಹೆಸರಿಗೆ ಮತ ಬೀಳುತ್ತದೆ ಎಂಬ ನಂಬಿಕೆ ಇಲ್ಲಿ ಬಹಳ ಹಿಂದೆಯೇ ಮುರಿದಿದೆ. ಅದಾಗಲೇ ಒಮ್ಮೆ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರೇ 1962ರಲ್ಲಿ ಹೊಸದುರ್ಗದಲ್ಲಿ ಸೋತು, ಬಾಗಲಕೋಟೆಯಿಂದ ವಿಧಾನಸಭೆಗೆ ಬರಬೇಕಾಯಿತು. ಆಮೇಲೆ ಹತ್ತಿ ಗಿರಣಿಗಳ ಕಾರ್ಮಿಕ ಸಂಘಟನೆಯ ಬಲದಿಂದ ಸಿಪಿಐನ ಪಂಪಾಪತಿ ದಾವಣಗೆರೆಯಿಂದ ಮತ್ತೆ ಮತ್ತೆ ಗೆದ್ದರು. 1999ರಲ್ಲಿ ಚಿತ್ರದುರ್ಗ ಚಿತ್ರನಟ ಶಶಿಕುಮಾರ್ ಅವರನ್ನು ಲೋಕಸಭೆಗೆ ಕಳಿಸಿತು.

ಲೆಕ್ಕ ನಿಜಕ್ಕೂ ಬದಲಾದದ್ದು 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ. ಭರಮಸಾಗರ ಕ್ಷೇತ್ರ ಇಲ್ಲವಾಯಿತು, ದಾವಣಗೆರೆ ಉತ್ತರ–ದಕ್ಷಿಣವಾಯಿತು, ಮಾಯಕೊಂಡ ಪರಿಶಿಷ್ಟ ಜಾತಿಗೆ, ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ವರ್ಷಗಟ್ಟಲೆ ಕಟ್ಟಿಕೊಂಡ ನೆಲೆ ಕೈತಪ್ಪಿದವರು ಬೇರೆ ಊರು ಹುಡುಕಿದರು. ಯಾರಿಗೆ ಎಲ್ಲಿ ಬಲ ಎಂದು ಹೇಳುವುದು ಕಷ್ಟವಾದಾಗ ಪಕ್ಷಗಳು ಸರ್ವೆಯ ಮೊರೆ ಹೋದವು.

ಸರ್ವೆಯವರು ಕೇಳುವುದು ಸಾಮಾನ್ಯವಾಗಿ ಮೂರು: ಹೆಸರು ಗೊತ್ತೇ, ಯಾವ ಸಮುದಾಯ, ಖರ್ಚು ಮಾಡಬಲ್ಲರೇ. ವಿಧಾನಸಭೆಗೆ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಆದರೂ ಮೂರನೆಯ ಪ್ರಶ್ನೆಗೇ ಹೆಚ್ಚು ತೂಕ ಸಿಗುತ್ತದೆ, ದುಡಿಮೆಯ ಕಾರ್ಯಕರ್ತ ಮೊದಲ ಸುತ್ತಿನಲ್ಲೇ ಹೊರಬೀಳುತ್ತಾನೆ. ಇದು ಆಗಬಾರದಿತ್ತು.

ಇದಕ್ಕಿಂತ ನಂಬಬಹುದಾದದ್ದು ನಮೂನೆ 20 ಎಂಬ ಅಧಿಕೃತ ಫಲಿತಾಂಶ ಪಟ್ಟಿ. ಹಿಂದಿನ ಚುನಾವಣೆಯಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದು ಅದರಲ್ಲಿದೆ. ಬಲ್ಲವರು ಅದನ್ನು ಮುಂದಿಟ್ಟುಕೊಂಡು ಬೂತ್‌ಗಳನ್ನು ನಮ್ಮದು, ಅವರದು, ಅತ್ತಿತ್ತ ವಾಲುವುದು ಎಂದು ವಿಂಗಡಿಸುತ್ತಾರೆ. ದುಡಿಯಬೇಕಾದ್ದು ಮೂರನೆಯ ಗುಂಪಿನಲ್ಲಿ. ಅಲ್ಲಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬರು ಬೇಕು, ಅವರು ಅದೇ ಬೀದಿಯವರಾಗಿರಬೇಕು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರಿಗೆ ಫೋನ್ ಮಾಡಿ ಮತದಾನದ ದಿನ ಕರೆಸುವುದೂ ಅವರದೇ ಜವಾಬ್ದಾರಿ.

ಎಡವುವುದು ಜಾತಿ ಲೆಕ್ಕದಲ್ಲಿ. ಪ್ರತಿ ಸಮುದಾಯದ ಮುಖಂಡರು ಹೇಳುವ ಸಂಖ್ಯೆ ಕೂಡಿಸಿದರೆ ಕ್ಷೇತ್ರದ ಒಟ್ಟು ಮತದಾರರನ್ನೇ ಮೀರುತ್ತದೆ. ಒಂದೇ ಜಾತಿಯ ಮತ ಒಳಪಂಗಡ, ಮಠ, ಸಹಕಾರ ಸಂಘದ ಜಗಳಗಳಲ್ಲಿ ಒಡೆಯುವುದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಬಂಡಾಯವೂ ಅಷ್ಟೇ. 2023ರಲ್ಲಿ ಜಗಳೂರಿನಲ್ಲಿ ಕಾಂಗ್ರೆಸ್ ಗೆದ್ದದ್ದು ಕೇವಲ 874 ಮತಗಳಿಂದ. ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಮಾಜಿ ಶಾಸಕರು ಎರಡನೇ ಸ್ಥಾನಕ್ಕಿಂತ ಕೆಲವೇ ನೂರು ಮತ ಹಿಂದಿದ್ದರು.